ಅಪ್ಪ ಹೆಸರು ಹಿಡಿದು ಕರೆದರೆ

ರಂಗಂಪೇಟೆಯ ನಮ್ಮ ಮನೆಯಲ್ಲಿ ಅಪ್ಪ ಮಾತಾಡಿದರೆ ಅಡಿಗೆಮನೆಯ ಹಲಗೆಯ ಮೇಲೆ ಬೋರಲು ಹಾಕಿದ ಹಿತ್ತಾಳೆ ತಾಟುಗಳು ಗುಂಯ್ ಅನ್ನುತ್ತಿದ್ದವು. ಇದನ್ನು ಹೇಳಿದರೆ ಈಗಿನವರು ನಗುತ್ತಾರೆ. ನಗಲಿ, ಕೇಳಿದವಳು ನಾನು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಉದ್ದನೆಯ ಪಡಸಾಲೆ, ಅದರ ಹಿಂದೆ ಬೆಳಕು ಕಡಿಮೆ ಇರುವ ಅಡಿಗೆಮನೆ, ಪಕ್ಕಕ್ಕೆ ಬಚ್ಚಲು. ಇಷ್ಟೇ ಮನೆ. ಪಡಸಾಲೆಯ ಗೋಡೆಗೆ ಬೆನ್ನು ಹಚ್ಚಿ ಕೂತರೆ ಅಪ್ಪನ ಮಾತು ಕಿವಿಗಿಂತ ಮೊದಲು ಬೆನ್ನಿಗೆ ತಾಗುತ್ತಿತ್ತು. ನನ್ನ ತಮ್ಮ ಚಂದ್ರಶೇಖರ ಕೂಸಾಗಿದ್ದಾಗ ಅವ್ವನ ತೊಡೆಯ ಮೇಲೆ ಎಷ್ಟು ತಟ್ಟಿದರೂ ಸುಮ್ಮನಾಗುತ್ತಿರಲಿಲ್ಲ. ಅಪ್ಪ ಅವನನ್ನು ಎದೆಯ ಮೇಲೆ ಬೋರಲು ಹಾಕಿಕೊಂಡು, ಬಾಯಿ ಮುಚ್ಚಿ, ಒಂದೇ ಕೆಳಗಿನ ಸ್ವರವನ್ನು ಎಳೆಯುತ್ತ ಮಲಗುತ್ತಿದ್ದ. ಕೂಸು ಒಂದು ಗಳಿಗೆಯಲ್ಲಿ ನಿದ್ದೆ ಹೋಗುತ್ತಿತ್ತು. ಅವ್ವನಿಗೆ ಅದರ ಮೇಲೆ ಸ್ವಲ್ಪ ಹೊಟ್ಟೆಯುರಿ ಇತ್ತು. ಹೆತ್ತವಳು ನಾನು, ಮಲಗುವುದು ಅವರ ಹತ್ತಿರ ಎಂದು ಗೊಣಗುತ್ತಿದ್ದಳು.

ಊಟಕ್ಕೆ ಕರೆಯುವುದು ಅಪ್ಪನ ಕೆಲಸವಾಗಿತ್ತು. ಅವ್ವ ರೊಟ್ಟಿ ಬಡಿದು ಮುಗಿಸಿ ಕೈ ತೊಳೆದ ಸಪ್ಪಳ ಕೇಳಿದ್ದೇ ಅಪ್ಪ ಪಡಸಾಲೆಯಲ್ಲಿ ಕೂತಲ್ಲಿಂದಲೇ ನಮ್ಮಿಬ್ಬರ ಹೆಸರು ಕರೆಯುತ್ತಿದ್ದ. ಎಲ್ಲರಿಗೂ ನಾನು ಮಾದಿ, ತಮ್ಮ ಚಂದ್ರ್ಯಾ. ಅಪ್ಪನಿಗೆ ಮಾತ್ರ ಮಹಾದೇವಿ, ಚಂದ್ರಶೇಖರ. ಹೆಸರಿನ ಕೊನೆಯ ಅಕ್ಷರ ಕೆಳಗಿಳಿದು ಇಳಿದು ನೆಲ ಮುಟ್ಟುತ್ತಿತ್ತು. ನಾವು ಓಣಿಯ ಯಾವ ಮೂಲೆಯಲ್ಲಿದ್ದರೂ ಮೊದಲು ‘ಓ’ ಅನ್ನಬೇಕು, ಆಮೇಲೆ ಬರಬೇಕು. ಓ ಅನ್ನದೆ ಓಡಿ ಬಂದರೆ ಅಪ್ಪ ತಿರುಗಿ ಕಳಿಸುತ್ತಿದ್ದ. ತಮ್ಮ ಆ ಓ ಅನ್ನು ಅಪ್ಪನ ಹಾಗೆಯೇ ದಪ್ಪ ಮಾಡಿ ಅನ್ನಲು ಹೋಗಿ ಕೆಮ್ಮುತ್ತಿದ್ದ. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು. ಪುಂಡಿಪಲ್ಯ, ಶೇಂಗಾಹಿಂಡಿ, ಬಿಸಿ ರೊಟ್ಟಿ. ಅದೇ ವರ್ಷಗಳಲ್ಲಿ ಕಾಲುವೆ ಬಂದು ಅವ್ವನ ತವರು ಕಕ್ಕೇರಾದ ಕಡೆಯೆಲ್ಲ ನೆಲ್ಲು ನಾಟಿ ಶುರುವಾಗಿತ್ತು. ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಅನ್ನ ದಿನಾ ತಾಟಿಗೆ ಬರತೊಡಗಿತು. ಅಪ್ಪ ಅನ್ನಕ್ಕೆ ಮೂಗು ಮುರಿಯುತ್ತಿದ್ದ, ಅದನ್ನು ತಿಂದರೆ ದನಿ ಮೆತ್ತಗಾಗುತ್ತದೆಯಂತೆ. ತಮ್ಮನಿಗೆ ಅನ್ನವೇ ಬೇಕು. ದಿನಾ ಇದೇ ಜಗಳ, ದಿನಾ ಗೆಲ್ಲುವವನು ತಮ್ಮ.

ಅಪ್ಪ ಪ್ರಾಥಮಿಕ ಸಾಲಿಯ ಮಾಸ್ತರ. ನಾಟಕದ ಹುಚ್ಚು ಎಲ್ಲಿಂದ ಹತ್ತಿತೋ ಗೊತ್ತಿಲ್ಲ, ನಾನು ಕಣ್ಣು ಬಿಡುವ ಹೊತ್ತಿಗೆ ಪೂರ್ತಿ ಹತ್ತಿತ್ತು. ಆದರೆ ನಾಟಕದವರಿಗೆ ಅಪ್ಪನ ದನಿ ಬೇಡವಾಗಿತ್ತು. ನಮ್ಮ ಕಡೆ ನಾಟಕವೆಂದರೆ ಹಾಡು, ಹಾಡೆಂದರೆ ಏರು ದನಿ. ಹಾರ್ಮೋನಿಯಂ ಪೇಟಿಯ ಎತ್ತರದ ಸ್ವರದ ಮನೆಯಲ್ಲಿ ನಿಂತು ಕೂಗಿ ಹಾಡಿದವನಿಗೇ ಜನ ಎದ್ದು ನಿಂತು ‘ವನ್ಸ್ ಮೋರ್’ ಅನ್ನುತ್ತಿದ್ದರು. ಅಪ್ಪನ ಗಂಟಲು ಅತ್ತ ಏರುತ್ತಲೇ ಇರಲಿಲ್ಲ. ಅದಕ್ಕೇ ಅವನಿಗೆ ಸಿಗುತ್ತಿದ್ದದ್ದು ಬಾಗಿಲು ಕಾಯುವವನ ಪಾತ್ರ, ಹಾಡಿಲ್ಲದ ರಾಕ್ಷಸನ ಪಾತ್ರ, ಪರದೆಯ ಹಿಂದಿನ ಅಶರೀರವಾಣಿ. ತಾಲೀಮು ನಮ್ಮ ಪಡಸಾಲೆಯಲ್ಲೇ ನಡೆಯುತ್ತಿತ್ತು. ಪೇಟಿ ನುಡಿಸುವ ವೀರಪ್ಪನವರು ನಾಟಕ ಬರೆಯುವವರೂ ಹೌದು, ಬೈಯುವವರೂ ಹೌದು. ಬಾಯ ತುಂಬ ಎಲೆಯಡಿಕೆ ಹಾಕಿಕೊಂಡು ಅಪ್ಪನನ್ನು ನೋಡಿ ತಲೆ ಅಲ್ಲಾಡಿಸುತ್ತಿದ್ದರು.

“ಮಾಸ್ತರ್, ನಿಮ್ಮ ದನಿ ಬಾವ್ಯಾಗ ಬಿದ್ದದ. ಹಗ್ಗ ಹಾಕಿ ಮ್ಯಾಲ ಎಳೀರಿ.”

“ಅದಕ ಅಲ್ಲೇ ಥಂಡ ಅನಸ್ತದರಿ. ಬರೂದಿಲ್ಲಂತದ.”

ಎಲ್ಲರೂ ನಗುತ್ತಿದ್ದರು, ಅಪ್ಪನೂ ನಗುತ್ತಿದ್ದ. ಅವ್ವ ಮಾತ್ರ ಒಳಗೆ ಚಾ ಸೋಸುತ್ತ ಹಲ್ಲು ಕಡಿಯುತ್ತಿದ್ದಳು. ತನ್ನ ಮನೆಯಲ್ಲೇ ಕೂತು, ತನ್ನದೇ ಚಾ ಕುಡಿದು ಗಂಡನನ್ನೇ ನಗಾಡುತ್ತಾರಲ್ಲ ಎಂದು ಅವಳಿಗೆ ಸಿಟ್ಟು. ಅವರು ಹೋದ ಮೇಲೆ ಕಪ್ಪು-ಬಸಿ ತೊಳೆಯುವ ಸಪ್ಪಳದಲ್ಲೇ ಅದು ತಿಳಿಯುತ್ತಿತ್ತು.

ಬೈದೂ ಬೈದೂ ಕೊನೆಗೆ ವೀರಪ್ಪನವರೇ ಅಪ್ಪನ ಗಂಟಲಿಗೆ ಸರಿಹೊಂದುವ ಒಂದು ಪಾತ್ರ ಕಟ್ಟಿದರು. ಯಮ ಒಂದು ಹಳ್ಳಿಗೆ ಬರುತ್ತಾನೆ. ಚಾವಡಿಯಲ್ಲಿ ಕೂತು, ಸಾಲಿ ಮಾಸ್ತರ ಹಾಜರಿ ಕರೆದಂತೆ ಒಬ್ಬೊಬ್ಬರ ಹೆಸರು ಹಾಡಿ ಕರೆಯುತ್ತಾನೆ. ಹೆಸರು ಬಂದವರು ಓ ಅಂದು ಎದ್ದು ಅವನ ಹಿಂದೆ ಹೋಗಬೇಕು. ಮುಕ್ಕಾಲು ಪಾಲು ನಗೆನಾಟಕವೇ. ಸಾಹುಕಾರ ಮಂಚದ ಕೆಳಗೆ ಅಡಗುತ್ತಾನೆ, ಪೂಜಾರಿ ಕಿವುಡನಂತೆ ನಟಿಸುತ್ತಾನೆ. ಆದರೆ ಅಪ್ಪನ ಹಾಡು ಬಂದಾಗ ನಗೆ ನಿಲ್ಲುತ್ತಿತ್ತು. ಶಹಾಪುರದಲ್ಲಿ ನಾಟಕ ಸ್ಪರ್ಧೆ ಇತ್ತು. ಅವ್ವ ನಮ್ಮಿಬ್ಬರನ್ನೂ ಕರೆದುಕೊಂಡು ಬಸ್ಸಿನಲ್ಲಿ ಬಂದಿದ್ದಳು, ಚಾಪೆಯ ಮೇಲೆ ಮುಂದೆಯೇ ಕೂತಿದ್ದೆವು. ಅಪ್ಪ ಕಪ್ಪು ಕಂಬಳಿ ಹೊದ್ದು, ಕಣ್ಣಿಗೆ ಕಾಡಿಗೆ ಬಳಿದು ಬಂದು, ಗದೆ ನೆಲಕ್ಕೂರಿ, ಮೊದಲ ಹೆಸರು ಎತ್ತಿದ. ಎತ್ತಿದ ಅನ್ನುವುದು ತಪ್ಪು, ಇಳಿಸಿದ. ಪೇಟಿಯ ಎಡತುದಿಯ ಮನೆಯ ತನಕ ಹೋಗಿ ಅಲ್ಲಿ ಅಲುಗದೆ ನಿಂತ. ಚಾಪೆಯ ಕೆಳಗಿನ ನೆಲ ನಡುಗಿದಂತಾಯಿತು. ನಾನು ಅವ್ವನ ಸೆರಗು ಹಿಡಿದುಕೊಂಡೆ. ತಮ್ಮ ಮಾತ್ರ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಕೂಗಿದ.

“ಅಂವಾ ನಮ್ಮಪ್ಪ! ಊಟಕ್ಕ ಕರ್ಯಾಕತ್ತಾನ!”

ಜನ ಹೋ ಎಂದು ನಕ್ಕರು. ಅಪ್ಪ ನಗಲಿಲ್ಲ, ಸ್ವರವೂ ಜಾರಲಿಲ್ಲ.

ಸ್ಪರ್ಧೆಗೆ ಕಲಬುರಗಿಯಿಂದ ಒಬ್ಬ ವಿಮರ್ಶಕರು ಬಂದಿದ್ದರಂತೆ. ಕೆಲವು ದಿನಗಳ ಮೇಲೆ ಪೇಪರು ಬಂತು. ನಾಯಕ ನಟನಿಗೆ ಒಂದು ಸಾಲು, ನಾಯಕಿಗೆ ಅರ್ಧ ಸಾಲು, ಉಳಿದದ್ದೆಲ್ಲ ಅಪ್ಪನದು. ಅಪ್ಪ ಅದನ್ನು ಪಡಸಾಲೆಯ ನಡುವೆ ನಿಂತು ನಮಗೆ ಓದಿದ. “ಯಮನ ಪಾತ್ರಧಾರಿಯದು ಖರ್ಜದ ದನಿ. ಅಷ್ಟು ಕೆಳಗಿಳಿದು, ಅಷ್ಟು ಶುದ್ಧವಾಗಿ ನಿಲ್ಲುವ ಗಂಟಲು ನಮ್ಮ ರಂಗಭೂಮಿಯಲ್ಲಿ ವಿರಳ. ಈ ದನಿ ಹೆಸರು ಹಿಡಿದು ಕರೆದರೆ ಓ ಎನ್ನದೆ ಉಳಿಯುವ ಜೀವವಿಲ್ಲ.” ಓದುತ್ತ ಓದುತ್ತ ಅಪ್ಪನ ಕಣ್ಣು ತುಂಬಿ ಬಂತು. ಬಾವಿಯಲ್ಲಿ ಬಿದ್ದದ್ದು ಅನಿಸಿಕೊಂಡ ದನಿಗೆ ಯಾರೋ ಊರು ದಾಟಿ ಬಂದು ಮರ್ಯಾದೆ ಕೊಟ್ಟಿದ್ದರು. ಅವ್ವ ಅಂದು ಹೋಳಿಗೆ ಮಾಡಿದಳು. ಅಪ್ಪ ಪೇಪರಿನ ತುಣುಕಿಗೆ ಕಟ್ಟು ಹಾಕಿಸಿ ಬಸವಣ್ಣನ ಫೋಟೋದ ಪಕ್ಕಕ್ಕೆ ತೂಗುಹಾಕಿದ. ಬಂದವರಿಗೆಲ್ಲ ಓದಿ ಹೇಳುತ್ತಿದ್ದ. ನಮ್ಮ ಮನೆಯಲ್ಲಿ ಅಷ್ಟು ಖುಷಿ ಮತ್ತೆ ಬಂದದ್ದಿಲ್ಲ.

ಆ ಕೊನೆಯ ವಾಕ್ಯ ಊರೊಳಗೆ ಹೊರಟಿತು. ಕ್ಷೌರದ ಅಂಗಡಿಯಲ್ಲಿ ಒಬ್ಬ ಓದಿದ, ಗಡ್ಡಕ್ಕೆ ಸಾಬೂನು ಹಚ್ಚಿಸಿಕೊಂಡು ಕೂತವನು ಕೇಳಿದ, ಅವನು ಹೋಟೆಲಿನಲ್ಲಿ ಹೇಳಿದ. ಬಾಯಿಂದ ಬಾಯಿಗೆ ಹೋಗುವಾಗ ನಡುವಿನ ‘ಓ ಎನ್ನದೆ’ ಎಲ್ಲೋ ಬಿದ್ದುಹೋಯಿತು. ಸುರಪುರದ ಸಂತೆ ಮುಟ್ಟುವ ಹೊತ್ತಿಗೆ ಉಳಿದದ್ದು ಇಷ್ಟೇ: ಮಾಸ್ತರು ಹೆಸರು ಹಿಡಿದು ಕರೆದರೆ ಉಳಿಯುವ ಜೀವವಿಲ್ಲ. ಪೇಪರಿನಲ್ಲೇ ಬಂದಿದೆ ಅಂದಮೇಲೆ ಸುಳ್ಳು ಹೇಗಾದೀತು? ಮೊದಮೊದಲು ಎಲ್ಲ ಚೇಷ್ಟೆಯೇ. ಅಪ್ಪ ಹಾದಿಯಲ್ಲಿ ಸಿಕ್ಕರೆ ಗೆಳೆಯರು ಕೈ ಮುಗಿದು, “ಎಪ್ಪಾ ಯಮರಾಯ, ನನ್ನ ಹೆಸರೊಂದು ಮರತುಬಿಡು” ಅನ್ನುತ್ತಿದ್ದರು. ಅಪ್ಪ ಎದೆಯುಬ್ಬಿಸಿ ನಗುತ್ತಿದ್ದ. ಆಮೇಲೆ ನಮ್ಮ ಪಕ್ಕದ ಮನೆಯ ಮುದುಕ ಶರಣಪ್ಪಜ್ಜ ತೀರಿಕೊಂಡ. ಎದ್ದು ಓಡಾಡಲಾಗದೆ ಬಹಳ ಕಾಲವಾಗಿತ್ತು. ಅಪ್ಪ ದಿನಾ ಮುಂಜಾನೆ ಕಟ್ಟೆಯಿಂದಲೇ “ಶರಣಪ್ಪಾ” ಎಂದು ಕರೆದು ಆರಾಮ ಕೇಳುತ್ತಿದ್ದ. ಆ ಮುಂಜಾನೆಯೂ ಕರೆದ, ಅಜ್ಜ ಓ ಅಂದ, ಮಧ್ಯಾಹ್ನಕ್ಕೆ ಹೋದ. ಅಜ್ಜನ ಸೊಸೆ ನೀಲಮ್ಮ ಹೆಣದ ಮುಂದೆ ಅಳುವಾಗಲೇ ಮುಂಜಾನೆ ಮಾಸ್ತರು ಹೆಸರು ಕರೆದದ್ದನ್ನು ರಾಗವಾಗಿ ಹೇಳಿಕೊಂಡು ಅತ್ತಳು. ಅಲ್ಲಿಂದ ಚೇಷ್ಟೆ ನಿಂತಿತು.

ಸಾಲಿಗೆ ತಂದೆ ತಾಯಿಯರು ಬರತೊಡಗಿದರು. ಒಬ್ಬಳು ಬಾಗಿಲಲ್ಲೇ ನಿಂತು ಸೆರಗು ತಲೆಯ ಮೇಲೆಳೆದುಕೊಂಡು ಬಹಳ ಮರ್ಯಾದೆಯಿಂದ ಕೇಳಿದಳು. ನಾನು ಅದೇ ಕ್ಲಾಸಿನಲ್ಲಿ ಕೂತಿದ್ದೆ.

“ಸರ್, ಸಿಟ್ಟಾಗಬ್ಯಾಡ್ರಿ. ನಮ್ಮ ಹುಡುಗನ ಹೆಸರ ಹಾಜರ್‍ಯಾಗ ಕರೀಬ್ಯಾಡ್ರಿ. ಬೇಕಾದ್ರ ಹೊಡೀರಿ, ಹೆಸರ ಮಾತ್ರ ಬ್ಯಾಡ.”

ಅಪ್ಪ ಮರುದಿನದಿಂದ ಹಾಜರಿಗೆ ನಂಬರು ಕರೆಯತೊಡಗಿದ. ಅದೂ ಆದಷ್ಟು ಸಣ್ಣ ದನಿ ಮಾಡಿ, ಮೂಗಿನಿಂದ. ಹುಡುಗರು ಕಿಸಕ್ಕನೆ ನಗುತ್ತಿದ್ದರು. ನನಗೆ ಅವರನ್ನೆಲ್ಲ ಹಿಡಿದು ಬಾರಿಸಬೇಕು ಅನಿಸುತ್ತಿತ್ತು.

ಅವ್ವ ಅಕ್ಷರ ಬಲ್ಲವಳು. ಅಪ್ಪ ಸಾಲಿಗೆ ಹೋದಾಗ ಕಟ್ಟಿನ ಮುಂದೆ ನಿಂತು ಆ ವಾಕ್ಯವನ್ನು ಬೆರಳಿಟ್ಟು ಓದುವುದನ್ನು ನೋಡಿದ್ದೇನೆ. ಅವಳಿಗೆ ಅರ್ಥ ಸರಿಯಾಗಿಯೇ ಗೊತ್ತಿತ್ತು. ಆದರೂ ತಮ್ಮನಿಗೆ ಒಂದು ಸಂಜೆ ಮೈ ಬೆಚ್ಚಗಾಗಿ, ಊಟಕ್ಕೆ ಕರೆದಾಗ ಓ ಅನ್ನದೆ ಕಂಬಕ್ಕೆ ಒರಗಿ ಕೂತಾಗ, ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಅಪ್ಪನ ಬಲಗೈ ಹಿಡಿದೆಳೆದು ತಮ್ಮನ ನೆತ್ತಿಯ ಮೇಲೆ ಇಟ್ಟಳು.

“ಆಣಿ ಮಾಡ್ರಿ. ಇನ್ನ ಮ್ಯಾಲ ಮಕ್ಕಳ ಹೆಸರ ಹಿಡದು ಕರಿಯೂದಿಲ್ಲ ಅನ್ರಿ.”

“ಹುಚ್ಚ ಹಿಡದದೇನ ನಿನಗ? ಹೊಗಳ್ಯಾರ ಅವರು ನನ್ನ. ನೀನೂ ಓದೀದಿ.”

“ಓದೀನಿ, ತಿಳದದ. ಆದ್ರ ಮಂದಿ ಬಾಯಿ ಕೆಟ್ಟದ್ದು. ಅಷ್ಟ ಮಂದಿ ಅಂದದ್ದು ಕೂಸಿನ ಮ್ಯಾಲ ಬಿದ್ದರ ಪೇಪರಿನವರು ಬರ್ತಾರೇನ? ಹೊಗಳಿಕಿ ನಿಮಗ ಇರಲಿ, ನನಗ ಮಕ್ಕಳಿರಲಿ. ಅನ್ರಿ.”

ತಮ್ಮ ತಲೆಯ ಮೇಲಿನ ಆ ದೊಡ್ಡ ಕೈಯ ಕೆಳಗಿಂದ ಇಬ್ಬರನ್ನೂ ಪಿಳಿಪಿಳಿ ನೋಡುತ್ತಿದ್ದ. ಕೊನೆಗೆ ಅವ್ವ ಹೇಳಿಸಿದ ಮಾತನ್ನು ಅಪ್ಪ ಅಂದ. ಮಗನ ನೆತ್ತಿಯ ಮೇಲೆ ಕೈಯಿಟ್ಟು ಮಾಡಿದ ಆಣೆ ಮುರಿದರೆ ಆ ಮಗನಿಗೆ ಏನಾಗುತ್ತದೆ ಎಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ತಮ್ಮನ ಜ್ವರ ಮರುದಿನ ಇಳಿಯಿತು. ಅದು ಆಣೆಯಿಂದ ಅಂತ ಅವ್ವ ತಿಳಿದಳು, ಮಾತ್ರೆಯಿಂದ ಅಂತ ಅಪ್ಪ ಅನ್ನಲೂ ಇಲ್ಲ.

ಅಂದಿನಿಂದ ಮನೆ ಬೇರೆಯಾಯಿತು. ಊಟಕ್ಕೆ ಕರೆಯಲು ಅಪ್ಪ ಚಪ್ಪಾಳೆ ತಟ್ಟುತ್ತಿದ್ದ. ಇಲ್ಲವೆ ಲೋಟದಿಂದ ತಾಟು ಬಡಿಯುತ್ತಿದ್ದ. ಹೆಸರು ಬರಬಾರದೆಂದು ಎಚ್ಚರ ಹಿಡಿದೂ ಹಿಡಿದೂ ಮಾತೇ ಕಡಿಮೆಯಾಯಿತು. ಮೊದಲು ಹೆಸರು ಹೋಯಿತು, ಆಮೇಲೆ ಹಾಡು, ಆಮೇಲೆ ಸುಮ್ಮನೆ ಕೂತು ಮಾಡುತ್ತಿದ್ದ ಆ ಕೆಳಗಿನ ಸ್ವರವೂ ಹೋಯಿತು. ಕಟ್ಟು ಗೋಡೆಯಿಂದಿಳಿದು ಟ್ರಂಕಿನ ತಳ ಸೇರಿತು. ಯಾದಗಿರಿಯಿಂದ ಆ ನಾಟಕಕ್ಕೆ ಕರೆ ಬಂದಾಗ ವೀರಪ್ಪನವರು ಓಡೋಡಿ ಬಂದರು.

“ಮಾಸ್ತರ್, ಯಾದಗಿರಿ ಮಂದಿ ನಿಮ್ಮನ್ನ ಕೇಳ್ಯಾರ, ನಾಟಕ ಅಲ್ಲ. ಪೇಪರ್ ಓದ್ಯಾರ ಅವರು.”

“ದನಿ ಬಿದ್ದದರಿ ವೀರಪ್ಪನವರ. ಬ್ಯಾರೆದವರನ್ನ ನೋಡ್ರಿ.”

ಮೂಗಿನಿಂದ ಬಂದ ಆ ಸಣ್ಣ ದನಿ ಕೇಳಿ ವೀರಪ್ಪನವರು ಅದನ್ನು ನಂಬಿಬಿಟ್ಟರು. ಎಲೆಯಡಿಕೆ ಉಗುಳಿ ಬಂದು, ಅಪ್ಪನ ಭುಜ ಮುಟ್ಟಿ ಹೋದರು. ಆಗ ನನಗೆ ದುಃಖವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಏನೂ ಆಗಲಿಲ್ಲ. ಚಪ್ಪಾಳೆ ಕೇಳಿದರೆ ಏಳುವುದು, ಊಟ ಮಾಡುವುದು, ಮಲಗುವುದು ರೂಢಿಯಾಗಿತ್ತು. ಈಗಲೂ ಯಾರಾದರೂ ನನ್ನ ಹೆಸರು ಜೋರಾಗಿ ಕರೆದರೆ ನಾನು ತಟ್ಟನೆ ಉತ್ತರ ಕೊಡುವುದಿಲ್ಲ. ಸೊಕ್ಕು ಅನ್ನುತ್ತಾರೆ ಮಂದಿ. ಅಂದುಕೊಳ್ಳಲಿ.

ಕಾಲುವೆಯ ನೀರು ಹೊಲಕ್ಕಷ್ಟೇ ಅಲ್ಲ, ತಗ್ಗು ಇದ್ದಲ್ಲೆಲ್ಲ ನಿಲ್ಲುತ್ತಿತ್ತು. ಸೊಳ್ಳೆ ಎಂದರೆ ಏನೆಂದು ನಮ್ಮೂರಿಗೆ ಗೊತ್ತಾದದ್ದೇ ಆಗ. ಮನೆಮನೆಗೂ ಚಳಿಜ್ವರ. ಆ ಮಳೆಗಾಲ ಕಳೆಯುತ್ತಲೇ ತಮ್ಮ ಮಲಗಿದ. ಈ ಸಲ ಮಾತ್ರೆಗೆ ಇಳಿಯಲಿಲ್ಲ. ಜ್ವರ ತಲೆಗೇರಿ ಮಾತು ತೊದಲತೊಡಗಿದಾಗ ಅಪ್ಪ ಅವನನ್ನು ಹೆಗಲ ಮೇಲೆ ಹಾಕಿಕೊಂಡು ಸುರಪುರದ ದವಾಖಾನೆಗೆ ನಡೆದ. ಹಿಂದೆ ಅವ್ವ, ಅವಳ ಹಿಂದೆ ನಾನು. ಹೆಗಲ ಮೇಲಿನ ತಮ್ಮ ಕಣ್ಣು ಅರೆಬಿಟ್ಟು ನನ್ನನ್ನು ನೋಡುತ್ತಿದ್ದ, ಆದರೆ ಗುರುತು ಹಿಡಿದಂತೆ ಕಾಣಲಿಲ್ಲ.

ವಯಸ್ಸಿನಲ್ಲಿ ಚಿಕ್ಕವರಾದ ಡಾಕ್ಟರು, ಒಳ್ಳೆಯ ಮನುಷ್ಯ. ಸೂಜಿ ಚುಚ್ಚಿ, ಸಲೈನು ಹಚ್ಚಿ, ಕಣ್ಣ ರೆಪ್ಪೆ ಎತ್ತಿ ನೋಡಿದರು.

“ಎಚ್ಚರ ತಪ್ಪಾಕತ್ತಾನ. ಔಷಧ ಹತ್ತೂತನಕ ಎಚ್ಚರ ಇರಬೇಕು. ಹೆಸರ ಹಿಡದು ಕರೀರಿ, ಬಿಡಬ್ಯಾಡ್ರಿ. ಯಾರ ದನಿ ಅವಗ ಭಾಳ ರೂಢಿ ಅದ, ಅವರು ಕರೀರಿ.”

ಅವ್ವ ಕರೆದಳು. ಚಂದ್ರ್ಯಾ, ಚಂದ್ರ್ಯಾ, ನನ್ನಪ್ಪಾ. ನಾನು ಕರೆದೆ. ನಮ್ಮ ದನಿಗಳು ಅವನ ಮೇಲಿಂದ ಹಾದುಹೋಗುತ್ತಿದ್ದವು. ಅಪ್ಪ ಮಂಚದ ಕಾಲ ಕಡೆ ಕಬ್ಬಿಣದ ಪಟ್ಟಿ ಹಿಡಿದು ನಿಂತಿದ್ದ. ಡಾಕ್ಟರು ಮತ್ತೆ ಬಂದು ನೋಡಿದರು.

“ಯಾಕ್ರಿ ಮಾಸ್ತರ್, ಸುಮ್ನ ನಿಂತೀರಿ? ನೀವೂ ಕರೀರಿ.”

ಅಪ್ಪ ಅವ್ವನನ್ನು ನೋಡಿದ. ಅವ್ವ ನೆಲ ನೋಡಿದಳು. ಕರೀರಿ ಅನ್ನಲಿಲ್ಲ, ಬ್ಯಾಡ ಅನ್ನಲಿಲ್ಲ. ಅಪ್ಪ ಬಗ್ಗಿ ತಮ್ಮನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಾಯಿ ಮುಚ್ಚಿ ಆ ಹಳೆಯ ಸ್ವರ ಶುರುಮಾಡಿದ. ಎಷ್ಟು ಕಾಲವಾಗಿತ್ತೋ ಕೇಳಿ. ಮಂಚದ ಕಬ್ಬಿಣ ಸಣ್ಣಗೆ ಮಿಡಿಯಿತು, ಅದರ ಮೇಲಿದ್ದ ನನ್ನ ಬೆರಳಿಗೆ ಅದು ತಾಗಿತು. ತಮ್ಮನ ರೆಪ್ಪೆ ಅಲುಗಿತು. ಮುಖ ಅಪ್ಪನ ಕಡೆ ಹೊರಳಿತು, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈಗ ಹೆಸರೊಂದೇ ಬಾಕಿ. ಅಪ್ಪನ ಬಾಯಿ ತೆರೆಯಿತು. “ಚಂ” ಅಂದ. ಅಲ್ಲಿಗೇ ನಿಂತ. ಅಪ್ಪನ ಮುಖದಲ್ಲಿ ಅವತ್ತು ನಾನು ಕಂಡದ್ದು ಭಯ. ಊರ ಮಂದಿಯನ್ನು ನೋಡಿ ನಗುತ್ತಿದ್ದ ಮನುಷ್ಯ, ಅರ್ಥ ಬಲ್ಲ ಮನುಷ್ಯ, ಅವನೂ ಊರ ಮಾತನ್ನು ನಂಬಿದ್ದ. ಬಾಯಿ ಮುಚ್ಚಿದ, ಸ್ವರವೂ ನಿಂತಿತು. ತಮ್ಮನ ಮುಖ ಹಾಗೆಯೇ ಅತ್ತ ಹೊರಳಿಕೊಂಡೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಸೂಜಿ ಬಿಚ್ಚಿದರು. ಕರೆದಿದ್ದರೂ ಉಳಿಯುತ್ತಿರಲಿಲ್ಲ, ಬರುವಾಗಲೇ ತಡವಾಗಿತ್ತು ಎಂದು ಅವರು ಅಪ್ಪನಿಗೆ ಹೇಳಿದರು. ಇರಬಹುದು. ನನಗೆ ಗೊತ್ತಿಲ್ಲ.

ಕೂಸಾದ್ದರಿಂದ ಆ ದಿನವೇ ಬಿಸಿಲಿರುವಾಗಲೇ ಮಣ್ಣಿಗೆ ಒಯ್ದರು. ಓಣಿಯವರೆಲ್ಲ ಬಂದಿದ್ದರು, ನೀಲಮ್ಮನೂ ಬಂದಿದ್ದಳು. ಬಿಳಿ ಬಟ್ಟೆಯಲ್ಲಿ ತಮ್ಮ ಬಹಳ ಸಣ್ಣವನಾಗಿ ಕಂಡ. ಅವ್ವ ಅಳುತ್ತಿರಲಿಲ್ಲ. ನನಗೂ ಅಳು ಬರಲಿಲ್ಲ, ಬಾಯಿ ಒಣಗಿತ್ತು, ನೀರು ಬೇಕು ಅನಿಸುತ್ತಿತ್ತು ಅಷ್ಟೇ. ಕುಣಿಗೆ ಇಳಿಸಿದ ಮೇಲೆ ಹಿರಿಯರು ತಂದೆ ಮೊದಲು ಮಣ್ಣು ಕೊಡಲಿ ಅಂದರು. ಅಪ್ಪ ಹಿಡಿ ಮಣ್ಣು ತೆಗೆದುಕೊಂಡು ನಿಂತ, ಕೈ ಮುಂದೆ ಹೋಗಲಿಲ್ಲ. ಆಗ ಅವ್ವ, ಎಲ್ಲರ ಮುಂದೆ, ಸೆರಗು ಸರಿಮಾಡಿಕೊಂಡು, ರೊಟ್ಟಿ ಹಾಕಲೇ ಎಂದು ಕೇಳಿದಷ್ಟೇ ಮೆಲ್ಲಗೆ ಹೇಳಿದಳು.

“ಈಗಾರ ಕರೀರಿ.”

“ಆಣಿ ಅದ,” ಅಂದ ಅಪ್ಪ.

“ಯಾರ ತಲಿ ಮ್ಯಾಲ ಆಣಿ ಮಾಡಿದ್ರಿ, ಅಂವನ ಹೋಗ್ಯಾನ. ಕರೀರಿ.”

ಅಪ್ಪ ಕರೆದ. “ಚಂದ್ರಶೇಖರಾ.” ಮೂಗಿನಿಂದಲ್ಲ, ತುಂಬು ಗಂಟಲಿಂದ. ಕೊನೆಯ ಅಕ್ಷರ ಇಳಿಯುತ್ತ ಇಳಿಯುತ್ತ ಕುಣಿಯೊಳಗೆ ಹೋಯಿತು. ಅಂಥ ದನಿಯನ್ನು ನಾನು ಆಮೇಲೆ ಎಲ್ಲಿಯೂ ಕೇಳಿಲ್ಲ. ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ, ಯಾರೂ ಹಿಂದೆ ಸರಿಯಲಿಲ್ಲ. ಅಪ್ಪ ಮಣ್ಣು ಹಾಕಿದ. ಅವ್ವ ಹಾಕಿದಳು. ಇನ್ನು ಅಕ್ಕನಾದ ನನ್ನ ಕೈಯಿಂದ ಬೀಳಬೇಕಿತ್ತು. ಅಪ್ಪ ತಿರುಗಿ ಮಂದಿಯ ನಡುವೆ ನನ್ನನ್ನು ಹುಡುಕಿದ. ಬಾಯಿಗೆ ಬಂದ ಆ ದನಿ ಇನ್ನೂ ಹೋಗಿರಲಿಲ್ಲ, ಅದರಲ್ಲೇ ಕರೆದುಬಿಟ್ಟ.

“ಮಹಾದೇವೀ.”

ನಾನು ಓ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವನ ಕೈ ಬಂದು ನನ್ನ ಬಾಯಿಯ ಮೇಲೆ ಬಿತ್ತು, ಹಲ್ಲಿಗೆ ಮಣ್ಣು ತಾಗಿತು. ಬಿಡಲಿಲ್ಲ, ಗಟ್ಟಿಯಾಗಿ ಒತ್ತಿ ಹಿಡಿದಳು. ಅಪ್ಪ ನಮ್ಮಿಬ್ಬರನ್ನೂ ನೋಡುತ್ತ ನಿಂತ. ಆಮೇಲೆ ಕೈ ಎತ್ತಿ, ಬಾ ಎಂದು ಸನ್ನೆ ಮಾಡಿದ. ನಾನು ಹೋಗಿ ಮಣ್ಣು ಹಾಕಿದೆ.